ಮಾನಿಟರ್ ಪವರ್ ಸಪ್ಲೈ ಹೋದರೆ ರಿಪೇರಿನಾ, ಹೊಸದಾ? ಕಲಬುರಗಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಬಟನ್ ಒತ್ತಿದರೆ ಲೈಟೇ ಬರುವುದಿಲ್ಲ. ಅಥವಾ ಬಂದು, ಮಿಣಕ್ ಮಿಣಕ್ ಅಂದು, ಆರಿ ಹೋಗುತ್ತದೆ. "ಮಾನಿಟರ್ ಹೋಗ್ಯಾದ್ರಿ" ಅಂತ ಅಲ್ಲಿಗೆ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಮಾನಿಟರ್ ಒಳಗೆ ಚಿತ್ರ ಮೂಡಿಸುವ ಪ್ಯಾನೆಲ್ ಬೇರೆ, ಅದರ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಬೇರೆ, ಕಂಪ್ಯೂಟರಿನ ಸಿಗ್ನಲ್ ಹಿಡಿಯುವ ಮೇನ್ ಬೋರ್ಡ್ ಬೇರೆ, ಗೋಡೆಯ ಕರೆಂಟನ್ನು ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಪವರ್ ಸಪ್ಲೈ ಬೇರೆ. ಇವುಗಳಲ್ಲಿ ದುಬಾರಿ ಅಂದರೆ ಪ್ಯಾನೆಲ್. ಮೊದಲು ಕೈಕೊಡುವುದು ಹೆಚ್ಚಾಗಿ ಪವರ್ ಸಪ್ಲೈ. ಅದರಲ್ಲೂ ಎಷ್ಟೋ ಸಲ ಹೋಗಿರುವುದು ಹತ್ತಿಪ್ಪತ್ತು ರೂಪಾಯಿಯ ಕೆಪಾಸಿಟರ್, ಅಂದರೆ ಕರೆಂಟನ್ನು ಕೂಡಿಟ್ಟು ಸಮನಾಗಿ ಕೊಡುವ ಪುಟ್ಟ ಡಬ್ಬಿ.

ಹಾಗಂತ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಏನು ಹೋಗಿದೆ ಅಂತ ಹುಡುಕುವ ಮೊದಲು, ಹೇಗೆ ಹೋಯಿತು ಅಂತ ಕೇಳಿಕೊಳ್ಳಿ. ತಿಂಗಳುಗಟ್ಟಲೆ ಸತಾಯಿಸಿ ನಿಂತ ಮಾನಿಟರ್ ಸಾಮಾನ್ಯವಾಗಿ ಕಡಿಮೆ ದುಡ್ಡಲ್ಲಿ ಎದ್ದು ಕೂರುತ್ತದೆ. ಚೆನ್ನಾಗಿ ಓಡುತ್ತಿದ್ದು, ಕರೆಂಟ್ ಹೋಗಿ ಬಂದ ಕೂಡಲೇ ಠಪ್ ಅಂದು ನಿಂತದ್ದು ಬೇರೆ ಕತೆ. ಇವೆರಡಕ್ಕೂ ಒಂದೇ ಲೆಕ್ಕ ಹಾಕಿದರೆ ದುಡ್ಡು ವೇಸ್ಟ್.

ಹಂತ 1: ಸ್ಕ್ರೂಡ್ರೈವರ್ ಇನ್ನೂ ಬೇಡ

ಮೊದಲು ವಾರಂಟಿ ನೋಡಿ. ಹಲವು ಕಂಪನಿಗಳ ಮಾನಿಟರ್‌ಗೆ ಮೂರು ವರ್ಷ ವಾರಂಟಿ ಇರುತ್ತದೆ, ಬಿಲ್ ಕಳೆದುಹೋಗಿದ್ದರೂ ಹಿಂಬದಿಯ ಸೀರಿಯಲ್ ನಂಬರ್‌ನಿಂದ ಕಂಪನಿಯ ವೆಬ್‌ಸೈಟಿನಲ್ಲಿ ಪರೀಕ್ಷಿಸಬಹುದು. ವಾರಂಟಿ ಇದ್ದರೆ ಬಿಚ್ಚಲೇಬೇಡಿ.

ಆಮೇಲೆ ಕೇಬಲ್. ಸಿಪಿಯುಗೆ ಹಾಕುವ ಮೂರು ಪಿನ್ ಪವರ್ ಕೇಬಲ್ಲೇ ಹೆಚ್ಚಿನ ಮಾನಿಟರ್‌ಗೂ ಆಗುತ್ತದೆ. ಅದನ್ನು ಕಿತ್ತು ಇದಕ್ಕೆ ಹಾಕಿ ನೋಡಿ. ಸ್ಪೈಕ್ ಗಾರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಚುಚ್ಚಿ. ಸ್ಪೈಕ್ ಗಾರ್ಡ್‌ನ ಸ್ವಿಚ್ಚೇ ಸುಟ್ಟಿರುವುದು ಅಪರೂಪವೇನಲ್ಲ.

ಇನ್ನೊಂದು ವಿಷಯ. ಪರದೆಯ ಮೇಲೆ "ನೋ ಸಿಗ್ನಲ್" ಅಂತ ಮಿನುಗದೆ ಸರಿಯಾಗಿ ಬಂದರೆ, ನಿಮ್ಮ ಮಾನಿಟರ್‌ನ ಪವರ್ ಸಪ್ಲೈ ಬಹುಶಃ ಚೆನ್ನಾಗಿದೆ. ತೊಂದರೆ ಹೆಚ್ಚಾಗಿ ಕೇಬಲ್ಲಿನದು ಅಥವಾ ಸಿಪಿಯುನದು. ಸುಮ್ನೆ ಮಾನಿಟರ್ ಹೊತ್ತುಕೊಂಡು ಸೂಪರ್ ಮಾರ್ಕೆಟ್‌ನ ರಿಪೇರಿ ಅಂಗಡಿವರೆಗೆ ಹೋಗಬೇಡಿ.

ಹಂತ 2: ಹೊರಗಿನ ಅಡಾಪ್ಟರ್ ಇದ್ದರೆ ಕೆಲಸ ಸುಲಭ

ಲ್ಯಾಪ್‌ಟಾಪ್ ಚಾರ್ಜರ್‌ನಂಥ ಕಪ್ಪು ಡಬ್ಬಿ ಕೇಬಲ್ ಮಧ್ಯೆ ಇದೆಯಾ? ಹಾಗಿದ್ದರೆ ಪವರ್ ಸಪ್ಲೈ ಹೊರಗೇ ಇದೆ. ಅದರ ಮೇಲೆ ಔಟ್‌ಪುಟ್ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಸ್ಯಾಮ್‌ಸಂಗ್‌ನ ಹಲವು ಮಾನಿಟರ್‌ಗಳಿಗೆ 14 ವೋಲ್ಟ್, ಎಲ್‌ಜಿಯ ಹಲವಕ್ಕೆ 19 ವೋಲ್ಟ್, ಇನ್ನು ಕೆಲವಕ್ಕೆ 12 ವೋಲ್ಟ್. ಪಿನ್ ಒಳಗೆ ಹೋಯಿತು ಅಂದ ಮಾತ್ರಕ್ಕೆ ಅಡಾಪ್ಟರ್ ಸರಿ ಅಂತಲ್ಲ. 14 ವೋಲ್ಟಿನ ಮಾನಿಟರ್‌ಗೆ 19 ವೋಲ್ಟ್ ಚುಚ್ಚಿದರೆ ಅಡಾಪ್ಟರ್ ಬದಲು ಮೇನ್ ಬೋರ್ಡ್ ಖರೀದಿಸಬೇಕಾದೀತು. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಪಿನ್ನಿನ ಪ್ಲಸ್ ಮೈನಸ್ ಒಂದೇ ಇರಬೇಕು.

ಮಲ್ಟಿಮೀಟರ್ ಇಟ್ಟು ನೋಡಿದಾಗ ಸರಿಯಾದ ವೋಲ್ಟ್ ತೋರಿಸಿದರೂ ನಂಬಬೇಡಿ. ಸೊರಗಿದ ಅಡಾಪ್ಟರ್ ಖಾಲಿ ಇದ್ದಾಗ 14 ತೋರಿಸುತ್ತದೆ, ಮಾನಿಟರ್ ಕರೆಂಟ್ ಎಳೆದ ತಕ್ಷಣ 6ಕ್ಕೋ 7ಕ್ಕೋ ಬೀಳುತ್ತದೆ. ಇದಕ್ಕೆ ಬೈಕಿನ ಇಂಡಿಕೇಟರ್ ಬಲ್ಬ್ ಒಳ್ಳೆಯ ಪರೀಕ್ಷೆ. 12 ವೋಲ್ಟ್, 10 ವ್ಯಾಟಿನದು, ಯಾವ ಆಟೋ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತದೆ. 12 ಅಥವಾ 14 ವೋಲ್ಟಿನ ಅಡಾಪ್ಟರ್‌ಗೆ ಒಂದು ಬಲ್ಬ್, 19 ವೋಲ್ಟಿನದಕ್ಕೆ ಎರಡು ಬಲ್ಬ್ ಸಾಲಾಗಿ ಜೋಡಿಸಿ. ಬಲ್ಬ್ ಉರಿಯುತ್ತಿರುವಾಗ ವೋಲ್ಟ್ ಅಳೆಯಿರಿ. ವೋಲ್ಟ್ ಇಳಿಯದೆ ನಿಂತಿತಾ, ಅಡಾಪ್ಟರ್ ಬಹುಶಃ ಸರಿ ಇದೆ. ಕುಸಿಯಿತಾ, ಅಡಾಪ್ಟರ್ ಬದಲಾಯಿಸಿ. ಅಂಟು ಹಾಕಿ ಮುಚ್ಚಿದ ಡಬ್ಬಿಯನ್ನು ಒಡೆದು ರಿಪೇರಿ ಮಾಡುವ ಗೋಜಿಗೆ ಹೋಗಬೇಡಿ. ಇಂಥ ಮಾನಿಟರ್‌ಗಳ ವಿಷಯದಲ್ಲಿ ಇಲ್ಲಿಗೇ ತೀರ್ಮಾನ ಆಗುತ್ತದೆ. ಮುಂದಿನದೆಲ್ಲ ಪವರ್ ಸಪ್ಲೈ ಒಳಗೇ ಇರುವ ಮಾನಿಟರ್‌ಗಳಿಗೆ.

ಹಂತ 3: ಲಕ್ಷಣ ಓದಿ

ಬೆಳಿಗ್ಗೆ ಆನ್ ಆಗಲು ಹತ್ತು ನಿಮಿಷ ಬೇಕು, ನಾಲ್ಕೈದು ಸಲ ಬಟನ್ ಒತ್ತಬೇಕು, ಒಮ್ಮೆ ಬಂದರೆ ಸಂಜೆವರೆಗೆ ಚೆನ್ನಾಗಿ ಓಡುತ್ತದೆ. ಬೀದರಿನ ಡಿಸೆಂಬರ್ ಚಳಿಯಲ್ಲಿ ಇದು ಇನ್ನೂ ಜೋರು. ಇದಕ್ಕಿಂತ ಸ್ಪಷ್ಟವಾದ ಕೆಪಾಸಿಟರ್ ಲಕ್ಷಣ ಇಲ್ಲ. ಒಳಗಿನ ದ್ರವ ಒಣಗಿದ ಕೆಪಾಸಿಟರ್ ತಣ್ಣಗಿದ್ದಾಗ ಕೆಲಸ ಮಾಡುವುದಿಲ್ಲ, ಬಿಸಿಯಾದಂತೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

ಲೈಟ್ ಮಿನುಗುತ್ತದೆ, ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತದೆ ಅಂದರೆ, ಸಪ್ಲೈ ಎದ್ದೇಳಲು ನೋಡಿ ಮತ್ತೆ ಕೂರುತ್ತಿದೆ. ಕಾರಣ ಕೆಪಾಸಿಟರ್ ಇರಬಹುದು, ಔಟ್‌ಪುಟ್ ಕಡೆ ಎಲ್ಲೋ ಶಾರ್ಟ್ ಇರಬಹುದು.

ಚಿತ್ರ ಎರಡು ಸೆಕೆಂಡ್ ಬಂದು ಕಪ್ಪಾಗುತ್ತದೆ, ಆದರೆ ಪವರ್ ಲೈಟ್ ಹಾಗೇ ಉರಿಯುತ್ತಿದೆ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚ್ ಅನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಐಕಾನ್‌ಗಳು ಕಂಡರೆ ಚಿತ್ರ ಬರುತ್ತಿದೆ, ಹೋಗಿರುವುದು ಬ್ಯಾಕ್‌ಲೈಟ್ ಅಥವಾ ಅದನ್ನು ಉರಿಸುವ ಸರ್ಕ್ಯೂಟ್. ಆ ಸರ್ಕ್ಯೂಟ್ ಹಲವು ಮಾನಿಟರ್‌ಗಳಲ್ಲಿ ಪವರ್ ಬೋರ್ಡಿನ ಮೇಲೇ ಇರುತ್ತದೆ. ಹಳೆಯ ಮಾನಿಟರ್‌ಗಳಲ್ಲಿ ಬ್ಯಾಕ್‌ಲೈಟ್ ಅಂದರೆ ಸಿಸಿಎಫ್‌ಎಲ್ ಅನ್ನುವ ಸಣ್ಣ ಟ್ಯೂಬ್‌ಲೈಟ್‌ಗಳು. ಒಂದು ಟ್ಯೂಬ್ ಸವೆದರೂ ಸರ್ಕ್ಯೂಟ್ ತಾನಾಗಿ ಬಂದ್ ಆಗುತ್ತದೆ. ಟ್ಯೂಬೇ ಹೋಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಸಲಹೆ.

ಪರದೆ ತುಂಬ ಗೆರೆಗಳು, ಅರ್ಧ ಬಿಳಿ, ಬಣ್ಣ ಚೆಲ್ಲಿದ ಹಾಗೆ ಇದ್ದರೆ ಅದು ಸಾಮಾನ್ಯವಾಗಿ ಪ್ಯಾನೆಲ್ ತೊಂದರೆ. ಪವರ್ ಸಪ್ಲೈ ಮುಟ್ಟಿ ಪ್ರಯೋಜನ ಇಲ್ಲ.

ಕೊನೆಯದು, ಏನೂ ಇಲ್ಲ. ಲೈಟ್ ಇಲ್ಲ, ಸದ್ದು ಇಲ್ಲ. ಇದಕ್ಕೆ ಮುಂದಿನ ಪ್ರಶ್ನೆಗೆ ಉತ್ತರ ಬೇಕು.

ಹಂತ 4: ನಿಧಾನವಾಗಿ ಹೋಯಿತಾ, ಒಮ್ಮೆಲೆ ಹೋಯಿತಾ?

ನಮ್ಮ ಕಡೆ ಎರಡೂ ಜಾಸ್ತಿ. ಕಾರಣಗಳು ಮಾತ್ರ ಬೇರೆ.

ನಿಧಾನದ ಸಾವಿಗೆ ಕಾರಣ ಬಿಸಿ. ಒಳ್ಳೆಯ ಕೆಪಾಸಿಟರ್ ಮೇಲೆ 105 ಡಿಗ್ರಿ ಅಂತ ಅಚ್ಚಾಗಿರುತ್ತದೆ. ಅದಕ್ಕೆ 105 ಡಿಗ್ರಿಯಲ್ಲಿ 2,000 ಗಂಟೆ ಬಾಳಿಕೆ ಅಂತ ಇಟ್ಟುಕೊಳ್ಳಿ. ಬಿಸಿ ಹತ್ತು ಡಿಗ್ರಿ ಇಳಿದಂತೆ ಬಾಳಿಕೆ ಎರಡು ಪಟ್ಟಾಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ಮಾನಿಟರ್ ಒಳಗೆ 65 ಡಿಗ್ರಿ ಇದ್ದರೆ 32,000 ಗಂಟೆ, 75 ಇದ್ದರೆ 16,000 ಗಂಟೆ. ದಿನಕ್ಕೆ ಹತ್ತು ತಾಸು, ವರ್ಷಕ್ಕೆ 300 ದಿನ ಓಡುವ ಆಫೀಸಿನ ಮಾನಿಟರ್‌ಗೆ ಮೊದಲನೆಯದು ಹತ್ತು ವರ್ಷದ ಮೇಲೆ, ಎರಡನೆಯದು ಐದು ವರ್ಷ ಚಿಲ್ಲರೆ. ಹೊರಗೇ 42-43 ಡಿಗ್ರಿ ಇರುವ ಕಲಬುರಗಿಯ ಮೇ ತಿಂಗಳಲ್ಲಿ ಫ್ಯಾನ್ ಕೆಳಗಿನ ಕೋಣೆಯಲ್ಲಿ ಕೂತ ಮಾನಿಟರ್, ಎಸಿ ಕೋಣೆಯಲ್ಲಿ ಕೂತ ಅದೇ ಮಾಡೆಲ್‌ಗಿಂತ ಬೇಗ ಯಾಕೆ ಹೋಗುತ್ತದೆ ಅಂತ ಈಗ ಗೊತ್ತಾಯಿತಲ್ವಾ? ದಾಲ್ ಮಿಲ್ ಆಫೀಸಿನ ಮಾನಿಟರ್ ಆಗಿದ್ದರೆ ಇನ್ನೂ ಕಷ್ಟ. ತೊಗರಿ ಹೊಟ್ಟಿನ ನುಣುಪು ದೂಳು ಗಾಳಿ ಕಿಂಡಿಗಳನ್ನು ಮುಚ್ಚಿ, ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ.

ಒಮ್ಮೆಲೆ ಸಾವಿಗೆ ಕಾರಣ ವೋಲ್ಟೇಜ್. ಮುಂಗಾರಿಗೆ ಮೊದಲಿನ ಗುಡುಗು-ಮಿಂಚು ಒಂದು. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಕಡಿಯುವುದು ಇನ್ನೊಂದು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಲೂಸ್ ಆದರೆ 230 ಬರಬೇಕಾದ ಮನೆಗೆ 400ರ ಹತ್ತಿರ ಬರಬಹುದು. ಪವರ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್ ತಡೆಯುವುದು 400 ಅಥವಾ 450 ವೋಲ್ಟ್. 400 ವೋಲ್ಟ್ ಎಸಿಯನ್ನು ಡಿಸಿ ಮಾಡಿದರೆ 560 ದಾಟುತ್ತದೆ. ಕೆಪಾಸಿಟರ್ ಉಬ್ಬಿ ಸಿಡಿಯುತ್ತದೆ, ಜೊತೆಗೆ ಡಯೋಡ್, ಸ್ವಿಚಿಂಗ್ ಟ್ರಾನ್ಸಿಸ್ಟರ್, ಐಸಿ (ಚಿಪ್) ಎಲ್ಲವನ್ನೂ ಕರೆದುಕೊಂಡು ಹೋಗುತ್ತದೆ. ಅದೇ ಹೊತ್ತಿಗೆ ಮನೆಯ ಟಿವಿ, ಎಲ್‌ಇಡಿ ಬಲ್ಬುಗಳು ಕೂಡ ಹೋಗಿದ್ದರೆ ಅನುಮಾನವೇ ಬೇಡ. ಆಗ ಮಾನಿಟರ್ ನೋಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಜೆಸ್ಕಾಂಗೆ ದೂರು ಕೊಡಿ. ಲೈನ್ ಸರಿಯಾಗದೆ ರಿಪೇರಿ ಮಾಡಿಸಿದ್ದು ಮತ್ತೆ ಸುಡುತ್ತದೆ.

ಸಿಡಿಲು ಲ್ಯಾನ್ ಕೇಬಲ್ ಅಥವಾ ಡಿಶ್ ಕೇಬಲ್ ದಾರಿಯಲ್ಲಿ ಬಂದಿದ್ದರೆ ಪವರ್ ಸಪ್ಲೈ ಚೆನ್ನಾಗಿದ್ದು ಮೇನ್ ಬೋರ್ಡ್ ಹೋಗಿರಬಹುದು. ರೂಟರ್, ಸಿಪಿಯು ಕೂಡ ಅದೇ ದಿನ ಹೋಗಿದ್ದರೆ ಈ ಸಾಧ್ಯತೆ ಜಾಸ್ತಿ. ಅಂಥ ಮಾನಿಟರ್‌ಗೆ ನಾನಾದರೆ ದುಡ್ಡು ಹಾಕುವುದಿಲ್ಲ.

ಹಂತ 5: ದುಡ್ಡಿನ ಲೆಕ್ಕ

ರಿಪೇರಿ ಖರ್ಚನ್ನು ಹೊಸ ಮಾನಿಟರ್ ಬೆಲೆಯ ಜೊತೆ ಹೋಲಿಸುವುದು ತಪ್ಪು. ಅದೇ ಅಳತೆಯ, ಓಡುತ್ತಿರುವ ಸೆಕೆಂಡ್‌ಹ್ಯಾಂಡ್ ಮಾನಿಟರ್ ಎಷ್ಟಕ್ಕೆ ಸಿಗುತ್ತದೆ ಅಂತ ಕೇಳಿ. ಯಾಕೆಂದರೆ ರಿಪೇರಿ ಆದ ಮೇಲೂ ನಿಮ್ಮ ಕೈಯಲ್ಲಿರುವುದು ಹಳೆ ಮಾನಿಟರ್ರೇ. ಉದಾಹರಣೆಗೆ ಸೆಕೆಂಡ್‌ಹ್ಯಾಂಡ್ 2,500 ರೂಪಾಯಿಗೆ ಸಿಗುತ್ತದೆ ಅಂದರೆ ನಾನು ರಿಪೇರಿಗೆ 800 ರೂಪಾಯಿವರೆಗೆ ಒಪ್ಪುತ್ತೇನೆ, 1,200 ಅಂದರೆ ಕೈಬಿಡುತ್ತೇನೆ. ಮೂರನೇ ಒಂದು ಭಾಗ, ಅಷ್ಟೇ ನನ್ನ ಗಡಿ.

ಹಳೆಯ ಚೌಕ ಆಕಾರದ 17 ಇಂಚಿನದು, ಟ್ಯೂಬ್ ಬ್ಯಾಕ್‌ಲೈಟಿನದು ಆಗಿದ್ದರೆ ಕೆಪಾಸಿಟರ್ ಬದಲಾಯಿಸಿದರೆ ಸರಿಹೋಗುವಂತಿದ್ದರೆ ಮಾತ್ರ ಮಾಡಿ. 22 ಇಂಚಿನ ಫುಲ್ ಎಚ್‌ಡಿ ಎಲ್‌ಇಡಿ ಆಗಿದ್ದರೆ ಅಂಗಡಿಯವನಿಗೂ ಕೊಡಬಹುದು. 27 ಇಂಚಿನದು, ಬಣ್ಣ ಚೆನ್ನಾಗಿ ತೋರಿಸುವ ಐಪಿಎಸ್ ಪ್ಯಾನೆಲ್ಲಿನದು, ಫೋಟೋ ಸ್ಟುಡಿಯೋದವರು ಬಳಸುವಂಥದ್ದು ಇದ್ದರೆ ಪವರ್ ಬೋರ್ಡ್ ಪೂರ್ತಿ ಬದಲಾಯಿಸಿದರೂ ಲಾಭವೇ.

ಹಂತ 6: ಬಿಚ್ಚುವ ಮುನ್ನ, ಜೀವದ ಮಾತು

ಈ ಭಾಗವನ್ನು ಹಾರಿಸಿ ಓದಬೇಡಿ.

ಪವರ್ ಬೋರ್ಡಿನ ಮೇಲೆ ಒಂದು ದಪ್ಪ ಕೆಪಾಸಿಟರ್ ಇರುತ್ತದೆ, ಹೆಬ್ಬೆರಳಿನಷ್ಟು. ಓಡುವಾಗ ಅದರಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಚೆನ್ನಾಗಿರುವ ಸಪ್ಲೈಯಲ್ಲಿ ಆ ಚಾರ್ಜ್ ಬೇಗ ಖಾಲಿಯಾಗುತ್ತದೆ. ಕೆಟ್ಟ ಸಪ್ಲೈಯಲ್ಲಿ ಆಗುವುದಿಲ್ಲ, ಯಾಕೆಂದರೆ ಅದನ್ನು ಎಳೆದುಕೊಳ್ಳುವವರೇ ಮುಂದೆ ಇರುವುದಿಲ್ಲ. ಅಂದರೆ ಸತ್ತ ಮಾನಿಟರ್ರೇ ಹೆಚ್ಚು ಅಪಾಯ.

ಪ್ಲಗ್ ಕಿತ್ತು ಅರ್ಧ ತಾಸು ಬಿಡಿ. ಬಿಚ್ಚಿದ ಮೇಲೆ ಮೀಟರನ್ನು ಡಿಸಿ 600 ಅಥವಾ 1000 ವೋಲ್ಟಿಗೆ ಇಟ್ಟು ಆ ಕೆಪಾಸಿಟರ್‌ನ ಎರಡು ಕಾಲಿನ ಮಧ್ಯೆ ಅಳೆಯಿರಿ. ಹತ್ತು ವೋಲ್ಟಿಗಿಂತ ಜಾಸ್ತಿ ಇದ್ದರೆ ಹಳೆಯ ಫಿಲಮೆಂಟ್ ಬಲ್ಬ್, 40 ಅಥವಾ 60 ವ್ಯಾಟಿನದು, ಹೋಲ್ಡರಿನ ಎರಡು ವೈರ್‌ಗಳನ್ನು ಆ ಕಾಲುಗಳಿಗೆ ತಾಗಿಸಿ. ವೈರಿನ ತುದಿ ಬಿಟ್ಟು ಉಳಿದೆಲ್ಲ ಇನ್ಸುಲೇಷನ್ ಇರಬೇಕು. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್‌ನಿಂದ ಚಟಾರನೆ ಶಾರ್ಟ್ ಮಾಡುವ ಉಸ್ತಾದರನ್ನು ನೀವೂ ನೋಡಿರುತ್ತೀರಿ. ಅದನ್ನು ಕಲಿಯಬೇಡಿ. ಬೋರ್ಡ್ ಕೂಡ ಹಾಳು, ಕಣ್ಣಿಗೂ ಅಪಾಯ.

ಉಂಗುರ, ಕಡಗ ತೆಗೆದಿಡಿ. ಬರಿಗಾಲಲ್ಲಿ ಶಹಾಬಾದ್ ಕಲ್ಲಿನ ಒದ್ದೆ ನೆಲದ ಮೇಲೆ ಕೂತು ಈ ಕೆಲಸ ಮಾಡಬೇಡಿ. ಮಲ್ಟಿಮೀಟರ್ ಹಿಡಿಯಲು ಬಾರದವರು ಇಲ್ಲಿಗೆ ನಿಲ್ಲಿಸಿ, ನೇರ ಹಂತ 11ಕ್ಕೆ ಹೋಗಿ.

ಹಂತ 7: ಬಿಚ್ಚುವುದು

ಮಂಚದ ಮೇಲೆ ಚಾದರ ಹಾಸಿ, ಪರದೆ ಕೆಳಗೆ ಮಾಡಿ ಮಲಗಿಸಿ. ಸ್ಟ್ಯಾಂಡ್ ತೆಗೆಯಿರಿ, ಕಾಣುವ ಸ್ಕ್ರೂ ಬಿಚ್ಚಿ. ಮುಂದಿನ ಚೌಕಟ್ಟು ಹೆಚ್ಚಾಗಿ ಕ್ಲಿಪ್‌ಗಳಿಂದ ಕೂತಿರುತ್ತದೆ. ಹಳೆ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ, ಒಂದು ಮೂಲೆಯಿಂದ ಸುತ್ತ ಬನ್ನಿ. ಬಟನ್ ಬೋರ್ಡಿನ ತೆಳು ವೈರ್ ಎಳೆದು ಕಿತ್ತುಹೋಗದಂತೆ ನೋಡಿಕೊಳ್ಳಿ. ಒಂದೊಂದು ಕನೆಕ್ಟರ್ ತೆಗೆಯುವ ಮೊದಲೂ ಮೊಬೈಲಲ್ಲಿ ಫೋಟೋ ತೆಗೆಯಿರಿ.

ಒಳಗೆ ತಗಡಿನ ಡಬ್ಬಿ, ಅದರೊಳಗೆ ಸಾಮಾನ್ಯವಾಗಿ ಎರಡು ಬೋರ್ಡ್. ಕರೆಂಟ್ ಸಾಕೆಟ್ ಇರುವುದು ಪವರ್ ಬೋರ್ಡ್. ವಿಜಿಎ, ಎಚ್‌ಡಿಎಂಐ ಸಾಕೆಟ್ ಇರುವುದು ಮೇನ್ ಬೋರ್ಡ್. ಒಂದೇ ಬೋರ್ಡಿನಲ್ಲಿ ಎಲ್ಲ ಇದ್ದರೆ ರಿಪೇರಿ ಕಷ್ಟ, ಬೋರ್ಡ್ ಬದಲಾವಣೆಯೂ ದುಬಾರಿ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಂತ 8: ಕಣ್ಣಿನಿಂದಲೇ ಅರ್ಧ ಕೆಲಸ

ಕೆಪಾಸಿಟರ್‌ನ ತಲೆ ಚಪ್ಪಟೆ ಇರಬೇಕು. ತಲೆಯ ಮೇಲೆ ಕೂಡಿಸುವ ಗುರುತಿನ ಹಾಗೆ ಗೀರು ಹಾಕಿರುತ್ತಾರೆ, ಒಳಗೆ ಒತ್ತಡ ಜಾಸ್ತಿಯಾದರೆ ಅಲ್ಲೇ ಬಿರಿಯಲಿ ಅಂತ. ಅದು ಪೂರಿಯಂತೆ ಉಬ್ಬಿದ್ದರೆ, ಅಥವಾ ಗೀರಿನ ಮೇಲೆ ಕಂದು ಕಲೆ ಕಟ್ಟಿದ್ದರೆ, ಅದು ಹೋಗಿದೆ. ಬುಡದಿಂದ ರಬ್ಬರ್ ಮೇಲೆದ್ದು ಓರೆಯಾಗಿ ನಿಂತಿದ್ದರೂ ಹೋಗಿದೆ. ಆದರೆ ಬುಡದಲ್ಲಿ ಕಾಣುವ ಹಳದಿ-ಕಂದು ಗಟ್ಟಿ ಅಂಟನ್ನು ಸೋರಿಕೆ ಅಂತ ತಿಳಿಯಬೇಡಿ. ಅದು ಫ್ಯಾಕ್ಟರಿಯಲ್ಲಿ ಅಲುಗಾಡದಿರಲಿ ಅಂತ ಹಾಕಿದ ಗೋಂದು.

ಉಬ್ಬಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲೂ ಅಲ್ಲ. ಕಂಟ್ರೋಲ್ ಐಸಿ ಪಕ್ಕದಲ್ಲಿ ಒಂದು ಪುಟಾಣಿ ಕೆಪಾಸಿಟರ್ ಇರುತ್ತದೆ, 22 ಅಥವಾ 47 ಮೈಕ್ರೋಫ್ಯಾರಡ್, 50 ವೋಲ್ಟಿನದು. ಐಸಿಗೆ ಉಣಿಸುವುದು ಅದೇ. ಅದು ಉಬ್ಬುವುದೇ ಅಪರೂಪ, ಸುಮ್ನೆ ಒಣಗುತ್ತದೆ. ಆಗ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಇದ್ದರೂ ಸಪ್ಲೈ ಏಳುವುದಿಲ್ಲ, ಅಥವಾ ಟಿಕ್ ಟಿಕ್ ಅನ್ನುತ್ತದೆ. "ಐಸಿ ಹೋಗಿದೆ" ಅಂತ ಬದಿಗಿಟ್ಟ ಎಷ್ಟೋ ಬೋರ್ಡ್‌ಗಳಲ್ಲಿ ಕಳ್ಳ ಇವನೇ.

ಇನ್ನು ಮಸಿ ಹಿಡಿದ ಜಾಗ, ಸಿಡಿದ ಐಸಿ, ಸೀಳಿದ ನೀಲಿ ಬಿಲ್ಲೆ ನೋಡಿ. ಆ ಬಿಲ್ಲೆ ವೇರಿಸ್ಟರ್, ಜಾಸ್ತಿ ವೋಲ್ಟೇಜ್ ಬಂದಾಗ ತಾನು ಸತ್ತು ಉಳಿದವರನ್ನು ಕಾಯಲು ಇರುವುದು. ಅದು ಸೀಳಿದ್ದರೆ ಹಂತ 4ರ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಒಣಗಿದ ಹಲ್ಲಿ ಸಿಕ್ಕರೂ ಆಶ್ಚರ್ಯಪಡಬೇಡಿ. ಬೆಚ್ಚಗಿನ ಜಾಗ ಹುಡುಕಿ ಒಳಗೆ ಸೇರಿ, ಎರಡು ಕಾಲಿನ ಮಧ್ಯೆ ಸಿಕ್ಕು ಶಾರ್ಟ್ ಮಾಡಿರುತ್ತದೆ.

ಹಂತ 9: ಮೀಟರ್ ಇಟ್ಟು ನೋಡಿ

300 ರೂಪಾಯಿ ಆಸುಪಾಸಿನ ಸಾದಾ ಮೀಟರ್ ಸಾಕು. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್ ಖಾಲಿ ಆಗಿದೆ ಅಂತ ಖಾತ್ರಿ ಮಾಡಿಕೊಂಡೇ ಇವನ್ನು ಮಾಡಿ.

ಫ್ಯೂಸ್‌ನಿಂದ ಶುರು ಮಾಡಿ, ಬೀಪ್ ಬರಬೇಕು. ಬರದಿದ್ದರೆ ಫ್ಯೂಸ್ ಹೋಗಿದೆ, ಆದರೆ ಸಂಭ್ರಮಪಡಬೇಡಿ. ಫ್ಯೂಸ್ ತಾನಾಗಿ ಹೋಗುವುದು ಕಡಿಮೆ, ಮುಂದೆ ಯಾರೋ ಶಾರ್ಟ್ ಆಗಿದ್ದಕ್ಕೆ ಹೋಗಿರುತ್ತದೆ. ಹೊಸ ಫ್ಯೂಸ್ ಹಾಕಿ ಆನ್ ಮಾಡಿದರೆ ಅದೂ ಹೋಗುತ್ತದೆ. ವೈರಿನ ಎಳೆ ಕಟ್ಟಿ ಓಡಿಸುವುದಂತೂ ಬೆಂಕಿಗೆ ಆಹ್ವಾನ.

ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಡಯೋಡನ್ನು ಮೀಟರಿನ ಡಯೋಡ್ ಸೆಟ್ಟಿಂಗಿನಲ್ಲಿ ನೋಡಿ. ಒಂದು ದಿಕ್ಕಿಗೆ 0.5ರಿಂದ 0.7, ಇನ್ನೊಂದು ದಿಕ್ಕಿಗೆ ಏನೂ ಬರಬಾರದು. ಎರಡೂ ಕಡೆ ಸೊನ್ನೆ ಬಂದರೆ ಶಾರ್ಟ್. ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಮೇಲೆ ಕೂತ ಸ್ವಿಚಿಂಗ್ ಟ್ರಾನ್ಸಿಸ್ಟರ್, ಅಂದರೆ ಮಾಸ್‌ಫೆಟ್‌ನ ಡ್ರೈನ್ ಮತ್ತು ಸೋರ್ಸ್ ಅನ್ನುವ ಕಾಲುಗಳ ಮಧ್ಯೆ ಸೊನ್ನೆ ಬಂದರೆ ಅದೂ ಶಾರ್ಟ್. ಹಾಗಾದರೆ ಅದರ ಜೊತೆಗೆ ಸೋರ್ಸ್‌ನ ಸಣ್ಣ ರೆಸಿಸ್ಟರ್, ಹಲವು ಸಲ ಕಂಟ್ರೋಲ್ ಐಸಿ ಕೂಡ ಹೋಗಿರುತ್ತದೆ. ಒಂದನ್ನೇ ಬದಲಾಯಿಸಿ ಆನ್ ಮಾಡುವುದು ದುಡ್ಡು ಸುಡುವ ಕೆಲಸ.

ಫ್ಯೂಸ್ ಚೆನ್ನಾಗಿದ್ದು, ಕರೆಂಟ್ ಒಳಬರುವ ಈ ಭಾಗದಲ್ಲಿ ಶಾರ್ಟ್ ಇಲ್ಲದಿದ್ದರೆ ಔಟ್‌ಪುಟ್ ನೋಡಬೇಕು. ಕನೆಕ್ಟರ್ ಪಕ್ಕದಲ್ಲಿ 5 ವೋಲ್ಟ್, 12 ಅಥವಾ 16 ವೋಲ್ಟ್ ಅಂತ ಬೋರ್ಡಿನ ಮೇಲೇ ಅಚ್ಚು ಹಾಕಿರುತ್ತಾರೆ. ಕರೆಂಟ್ ಇಲ್ಲದಾಗಲೇ ಮೀಟರಿನ ಕ್ಲಿಪ್ ಹಾಕಿ, ಆಮೇಲೆ ಸ್ವಿಚ್ ಒತ್ತಿ, ಬೋರ್ಡಿನಿಂದ ದೂರ ನಿಂತು ಓದಿ. ಇಲ್ಲಿ ಸೀರೀಸ್ ಲ್ಯಾಂಪ್ ಬಳಸಿ. ಅಂದರೆ ಫೇಸ್ ವೈರಿನ ದಾರಿಯಲ್ಲಿ 60 ಅಥವಾ 100 ವ್ಯಾಟಿನ ಫಿಲಮೆಂಟ್ ಬಲ್ಬ್. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಶಾರ್ಟ್ ಇಲ್ಲ. ಪೂರ್ತಿ ಬೆಳಗಿ ನಿಂತರೆ ಶಾರ್ಟ್ ಇದೆ, ಕೂಡಲೇ ಬಂದ್ ಮಾಡಿ. ಬಲ್ಬ್ ಇದೆ ಅಂತ ಬೋರ್ಡ್ ಮುಟ್ಟಬೇಡಿ, ಅದು ಬೋರ್ಡನ್ನು ಉಳಿಸುತ್ತದೆ, ನಿಮ್ಮನ್ನಲ್ಲ.

5 ವೋಲ್ಟ್ ಬರಬೇಕಾದಲ್ಲಿ 3 ಬಂದರೆ, ಅಥವಾ ಮುಳ್ಳು ಕುಣಿದ ಹಾಗೆ ಏರಿಳಿದರೆ, ಬಂದ್ ಮಾಡಿ ಪ್ಲಗ್ ಕಿತ್ತು, ಮೇನ್ ಬೋರ್ಡಿಗೆ ಹೋಗುವ ಕೇಬಲ್ ಬಿಚ್ಚಿ ಮತ್ತೆ ಅಳೆಯಿರಿ. ಈಗಲೂ ಹಾಗೇ ಇದ್ದರೆ ತಪ್ಪು ಪವರ್ ಬೋರ್ಡಿನದು. ವೋಲ್ಟ್ ನೆಟ್ಟಗೆ ನಿಂತರೆ ಎರಡು ಅರ್ಥ: ಮೇನ್ ಬೋರ್ಡ್ ಶಾರ್ಟ್ ಆಗಿದೆ, ಇಲ್ಲವೇ ಕೆಪಾಸಿಟರ್ ಸೊರಗಿ ಲೋಡ್ ತಡೆಯುತ್ತಿಲ್ಲ. ಮೇನ್ ಬೋರ್ಡಿನ 5 ವೋಲ್ಟ್ ಪಿನ್ ಮತ್ತು ಗ್ರೌಂಡ್ ಮಧ್ಯೆ ಬೀಪ್ ಬಂದರೆ ಮೊದಲನೆಯದು.

ಹಂತ 10: ಈಗ ತೀರ್ಮಾನ

ಕೆಪಾಸಿಟರ್ ಉಬ್ಬಿದೆ, ಉಳಿದದ್ದೆಲ್ಲ ಸರಿ ಇದೆ ಅಂದರೆ ಹಿಂದೆ ಮುಂದೆ ನೋಡದೆ ರಿಪೇರಿ ಮಾಡಿ. ಸೋಲ್ಡರಿಂಗ್ ಬಂದರೆ ನೀವೇ ಮಾಡಬಹುದು.

ಹೊಸದನ್ನು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಜಾಸ್ತಿ. 1000 ಮೈಕ್ರೋಫ್ಯಾರಡ್ 16 ವೋಲ್ಟಿನ ಜಾಗಕ್ಕೆ 25 ವೋಲ್ಟಿನದು ಹಾಕಬಹುದು, ಎತ್ತರ ಮತ್ತು ದಪ್ಪ ಹಿಡಿಸಿದರೆ. ಹಳೆಯದನ್ನು ಜೊತೆಗೇ ಒಯ್ಯಿರಿ, ಇಲ್ಲದಿದ್ದರೆ ತಗಡಿನ ಮುಚ್ಚಳ ಕೂರುವುದಿಲ್ಲ. 105 ಡಿಗ್ರಿ ಅಂತ ಅಚ್ಚಿರಬೇಕು. ಟಿವಿ-ರೇಡಿಯೋ ಬಿಡಿಭಾಗದ ಅಂಗಡಿಯಲ್ಲಿ ಕೇಳದಿದ್ದರೆ 85 ಡಿಗ್ರಿಯದು ಕೊಡುತ್ತಾರೆ, ನಮ್ಮ ಬಿಸಿಲಿಗೆ ಅದು ತಡೆಯುವುದಿಲ್ಲ. 'ಲೋ ಇಎಸ್‌ಆರ್' (ಒಳಗಿನ ತಡೆ ಕಡಿಮೆ ಇರುವುದು) ಅಂತ ಕೇಳಿ ತನ್ನಿ. ರುಬಿಕಾನ್, ನಿಚಿಕಾನ್, ಪ್ಯಾನಾಸಾನಿಕ್ ಒಳ್ಳೆಯವು. ಇಲ್ಲಿ ಸಿಗದಿದ್ದರೆ ಹೈದರಾಬಾದಿಗೆ ಹೋಗುವವರಿಗೆ ಹೇಳಿ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಾಲು ಸಾಲು ಅಂಗಡಿಗಳಿವೆ.

ಉಬ್ಬಿದ ಒಂದನ್ನೇ ತೆಗೆಯಬೇಡಿ. ಔಟ್‌ಪುಟ್ ಕಡೆಯ ಎಲ್ಲವನ್ನೂ, ಜೊತೆಗೆ ಐಸಿ ಪಕ್ಕದ ಆ ಪುಟಾಣಿಯನ್ನೂ ಬದಲಾಯಿಸಿ. ಒಂದೇ ಬಿಸಿಯಲ್ಲಿ ಅಷ್ಟೇ ವರ್ಷ ಕೂತವು ಅವು. ಕೆಪಾಸಿಟರ್ ಮೈಮೇಲಿನ ಪಟ್ಟಿ ಮೈನಸ್ ಕಡೆ. ಬೋರ್ಡಿನ ಗುರುತು ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು, ಅದಕ್ಕೇ ಕೀಳುವ ಮೊದಲು ಫೋಟೋ ತೆಗೆಯಿರಿ. ತಿರುವುಮುರುವು ಹಾಕಿದರೆ ಸಿಡಿಯುತ್ತದೆ.

ಫ್ಯೂಸ್, ಬ್ರಿಡ್ಜ್, ಮಾಸ್‌ಫೆಟ್ ಒಟ್ಟಿಗೆ ಹೋಗಿದ್ದರೆ ಬಿಡಿಭಾಗ ಹುಡುಕುವುದಕ್ಕಿಂತ ಪೂರ್ತಿ ಬೋರ್ಡ್ ಹುಡುಕಿ. ಬೋರ್ಡಿನ ಮೇಲೆ ಅಚ್ಚಾದ ನಂಬರ್ ಬರೆದುಕೊಳ್ಳಿ. ಪರದೆ ಒಡೆದ ಅದೇ ಮಾಡೆಲ್ ಮಾನಿಟರ್ ಯಾವುದಾದರೂ ಅಂಗಡಿಯ ಅಟ್ಟದ ಮೇಲೆ ಇದ್ದೇ ಇರುತ್ತದೆ, ಅದರ ಪವರ್ ಬೋರ್ಡ್ ಒಳ್ಳೆಯದಿರುತ್ತದೆ. ಇದಕ್ಕಿಂತ ಒಳ್ಳೆಯ ರಿಪೇರಿ ಬೇರೆ ಇಲ್ಲ. ಸಿಗದಿದ್ದರೆ ಹಂತ 5ರ ಲೆಕ್ಕಕ್ಕೆ ವಾಪಸ್ ಹೋಗಿ.

ಮೇನ್ ಬೋರ್ಡ್ ಶಾರ್ಟ್ ಇದ್ದರೆ, ಅಥವಾ ಪ್ಯಾನೆಲ್‌ನಲ್ಲಿ ಮೊದಲೇ ಕಲೆ-ಗೆರೆ ಇದ್ದರೆ ಬಿಟ್ಟುಬಿಡಿ.

ಹಂತ 11: ಅಂಗಡಿಯವರ ಜೊತೆ ಮಾತು

"ಬೋರ್ಡೇ ಹೋಗ್ಯಾದ್ರಿ ಸರ, ಹೊಸಾದ್ ಹಾಕ್ಬೇಕು" ಅಂದರೆ ಅಲ್ಲಿಗೆ ತಲೆಯಾಡಿಸಬೇಡಿ. "ಯಾವ ಪಾರ್ಟ್ ಹೋಗ್ಯಾದ್ರಿ ಅಣ್ಣಾ? ಔಟ್‌ಪುಟ್ ಎಷ್ಟ್ ಬರ್ಲಾಕತ್ತಾದ?" ಅಂತ ಕೇಳಿ. ಅಳೆದು ನೋಡಿದವನು ಕೂಡಲೇ ಉತ್ತರ ಕೊಡುತ್ತಾನೆ. "ಅದೆಲ್ಲ ನಿಮಗ ತಿಳಿಯಂಗಿಲ್ರಿ" ಅಂದರೆ ಬೇರೆ ಅಂಗಡಿ ನೋಡಿ. ಮಾನಿಟರ್ ಹೇಗೆ ಹೋಯಿತು ಅನ್ನುವುದನ್ನು ನೀವಾಗಿ ಹೇಳಿ, ಅವನ ಅರ್ಧ ಕೆಲಸ ಉಳಿಯುತ್ತದೆ. ಚೆಕ್ ಮಾಡಲು ಎಷ್ಟು, ರಿಪೇರಿಗೆ ಎಷ್ಟು ರೊಕ್ಕ ಅಂತ ಬೇರೆ ಬೇರೆ ಕೇಳಿ. ತೆಗೆದ ಹಳೆ ಪಾರ್ಟ್ ವಾಪಸ್ ಬೇಕು ಅಂತ ಮೊದಲೇ ಹೇಳಿಬಿಡಿ.

'ಯೂನಿವರ್ಸಲ್ ಬೋರ್ಡ್' (ಹಲವು ಮಾಡೆಲ್‌ಗಳಿಗೆ ಹೊಂದಿಸಿ ಹಾಕುವ ಬೋರ್ಡ್) ಹಾಕುತ್ತೇನೆ ಅಂದರೆ ಒಂದು ಎಚ್ಚರ. ಎಲ್‌ಇಡಿ ಬ್ಯಾಕ್‌ಲೈಟಿಗೆ ಹೋಗುವ ಕರೆಂಟ್ ಜಾಸ್ತಿಯಾದರೆ ಪರದೆ ಫಳಫಳ ಹೊಳೆಯುತ್ತದೆ, ಕೆಲವು ತಿಂಗಳಲ್ಲಿ ಎಲ್‌ಇಡಿ ಪಟ್ಟಿಯೇ ಸುಡುತ್ತದೆ. ಆ ಕರೆಂಟನ್ನು ಕಡಿಮೆಗೆ ಇಟ್ಟು ಕೊಡಿ ಅಂತ ಹೇಳಿ.

ಹಂತ 12: ಮುಚ್ಚುವ ಮೊದಲು

ರಿಪೇರಿ ಆದ ಮೇಲೆ ಮೊದಲ ಸಲ ಸೀರೀಸ್ ಲ್ಯಾಂಪ್ ದಾರಿಯಲ್ಲೇ ಆನ್ ಮಾಡಿ. ಅದು ಸರಿ ಅನಿಸಿದರೆ ತಗಡಿನ ಡಬ್ಬಿ, ಹಿಂಬದಿ ಮುಚ್ಚಳ ಕೂರಿಸಿ, ನೇರ ಕರೆಂಟಿನಲ್ಲಿ ಪರದೆ ಪೂರ್ತಿ ಬಿಳಿ ಮಾಡಿ, ಬ್ರೈಟ್‌ನೆಸ್ ನೂರಕ್ಕೆ ಏರಿಸಿ ಎರಡು ತಾಸು ಓಡಿಸಿ. ಸೊರಗಿದ ಪಾರ್ಟ್ ಏನಾದರೂ ಉಳಿದಿದ್ದರೆ ಇದರಲ್ಲೇ ಗೊತ್ತಾಗುತ್ತದೆ. ಆಮೇಲೆ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಹಾಗೇ ಬಳಸಿ. ಬಿಸಿ ಕಡಿಮೆ, ಬಾಳಿಕೆ ಜಾಸ್ತಿ. ರಾತ್ರಿ ಗೋಡೆಯ ಸ್ವಿಚ್ ಬಂದ್ ಮಾಡಿ, ಗುಡುಗು ಶುರುವಾದರೆ ಪ್ಲಗ್ಗೇ ಕೀಳಿ. ಸ್ಪೈಕ್ ಗಾರ್ಡ್ ಒಳ್ಳೆಯದೇ, ಆದರೆ ನ್ಯೂಟ್ರಲ್ ಕಡಿದು 400 ಬಂದರೆ ಸಾದಾ ಸ್ಪೈಕ್ ಗಾರ್ಡ್ ತಡೆಯುವುದಿಲ್ಲ. ಅದಕ್ಕೆ ವೋಲ್ಟೇಜ್ ಜಾಸ್ತಿಯಾದರೆ ಕಟ್ ಮಾಡುವ ಪ್ರೊಟೆಕ್ಟರ್ ಬೇಕು.

ಬೇಡ ಅಂತ ತೀರ್ಮಾನಿಸಿದ ಮಾನಿಟರನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಟ್ಯೂಬ್ ಬ್ಯಾಕ್‌ಲೈಟಿನವುಗಳಲ್ಲಿ ಪಾದರಸ ಇರುತ್ತದೆ, ಒಡೆದರೆ ಮನೆಯವರಿಗೂ ಒಡೆದವನಿಗೂ ಕೆಟ್ಟದ್ದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಉಪಕರಣಗಳ ಮರುಬಳಕೆಯ ಹೊಣೆ ತಯಾರಕರದು. ನಿಮ್ಮ ಕಂಪನಿಯ ವೆಬ್‌ಸೈಟಿನಲ್ಲಿ ಇ-ತ್ಯಾಜ್ಯದ ಪುಟ ನೋಡಿ, ಎಲ್ಲಿ ಕೊಡಬೇಕು ಅಂತ ಇರುತ್ತದೆ. ಕೆಟ್ಟಿರುವುದು ಮೇನ್ ಬೋರ್ಡ್ ಅಥವಾ ಪ್ಯಾನೆಲ್ ಆಗಿದ್ದು ಪವರ್ ಬೋರ್ಡ್ ಚೆನ್ನಾಗಿದ್ದರೆ, ಕೊಡುವ ಮೊದಲು ರಿಪೇರಿ ಅಂಗಡಿಯಲ್ಲಿ ಒಮ್ಮೆ ಕೇಳಿ. ಅದೇ ಬೋರ್ಡ್ ಹುಡುಕುತ್ತಿರುವ ಗಿರಾಕಿ ಯಾರಾದರೂ ಇರುತ್ತಾರೆ.